ಕೆರೆದಂಡೆಯ ಒಂಬತ್ತನೇ ನಂಬರ್

ಫೋನಿನ ನಕಾಶೆಯಲ್ಲಿ ಅಂಗಡಿಗಳ ಹೆಸರು ಸೇರಿಸಿ ಕೊಡುವುದು ನನ್ನ ಈಗಿನ ಕೆಲಸ. ಉಣಕಲ್‌ನ ರೊಟ್ಟಿ ಖಾನಾವಳಿಯೊಂದನ್ನು ಸೇರಿಸಿ ವಾರದ ಮೇಲೆ ಹೋದೆ. ಮಾಲೀಕ ಕಾಕಾ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ತಮ್ಮ ಫೋನಿನಲ್ಲಿ ‘ಖಾನಾವಳಿ’ ಎಂದು ಹುಡುಕಿದರು. ಅವರದೇ ಮೊದಲು ಬಂತು.

“ವಾರದಾಗ ಒಂದನೇ ನಂಬರ್ ಮಾಡಿದೆಲ್ಲೋ! ತಿಂಗಳಾ ಎಷ್ಟ ಕೊಡ್ಲಿ ಹೇಳು.”

ನಮ್ಮ ಧಂದೆಯ ಹಲವರು ಈ ಗಳಿಗೆಯಲ್ಲೇ ತಿಂಗಳ ದರ ಗಟ್ಟಿ ಮಾಡಿಕೊಳ್ಳುತ್ತಾರೆ. ನನಗೂ ಮಾತು ತುಟಿತನಕ ಬಂದಿತ್ತು. ಆದರೂ ಕಾಕಾರನ್ನು ಎಬ್ಬಿಸಿ, ಕೆರೆದಂಡೆಗೆ ನಡೆಸಿಕೊಂಡು ಹೋದೆ.

“ಈಗ ಹುಡುಕ್ರಿ.”

ಅವರ ಖಾನಾವಳಿ ಒಂಬತ್ತನೆಯದು.

“ಇದೇನಪಾ ಇದು?”

“ಫೋನ್ ಎಲ್ಲಿರತೈತಿ, ಅದಕ್ಕ ಹತ್ರ ಇದ್ದದ್ದನ್ನ ಮೊದಲ ತೋರಸ್ತೈತ್ರಿ. ಒಂದನೇ ನಂಬರಿಗೆ ನಾ ರೊಕ್ಕ ತಗೊಳ್ಳಂಗಿಲ್ಲ. ಫೋಟೋ, ಅಂಗಡಿ ತೆಗಿಯೋ ವ್ಯಾಳೆ ಸರಿಯಾಗಿ ಹಾಕಿದ್ದಕ್ಕ ಒಮ್ಮೆ ಕೊಡ್ರಿ, ಸಾಕು.”

“ಸಾಲಿ ಎಷ್ಟ ಕಲ್ತಿ?”

“ಆರನೇತ್ತ, ಅದೂ ಅರ್ಧಾ.”

“ಅದಕ್ಕ ನಿನಗ ಧಂದೆ ತಿಳಿಯಂಗಿಲ್ಲ,” ಎಂದು ಬೈಯುತ್ತಲೇ ಖಾನಾವಳಿಗೆ ಮರಳಿ ರೊಕ್ಕ ಕೊಟ್ಟರು, ಉಣ್ಣಲಿಕ್ಕೂ ಕೂರಿಸಿದರು. ಆವತ್ತು ಧಾರವಾಡದ ಬಸ್ಸಿನಲ್ಲಿ ನಿಂತೇ ಹೋದೆ, ಆದರೆ ಎದೆಯುಬ್ಬಿಸಿ ನಿಂತಿದ್ದೆ.

ಮುಂದೊಮ್ಮೆ ಊಟಕ್ಕೆ ಹೋದಾಗ, ಎಲೆಯ ಮುಂದೆ ಕುಳಿತ ಗಿರಾಕಿಗೆ ಕಾಕಾ ಹೇಳುತ್ತಿದ್ದರು: “ಇಲ್ಲೇ ಕುಂತು ನಿಮ್ಮ ಫೋನಿನ್ಯಾಗ ಹುಡುಕ್ರಿ. ನಮ್ದ ಒಂದನೇ ನಂಬರ್!”

ಆ ಉಪಾಯಕ್ಕೆ ಮಾತ್ರ ನಾನು ರೊಕ್ಕ ತೆಗೆದುಕೊಂಡಿಲ್ಲ.