ಗೇಟಿಗೆ ಅಂಟಿಸಿದ ಒಂದು ವಾಕ್ಯ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಪೀಣ್ಯದಲ್ಲಿ ಅಣ್ಣನ ಮನೆಯಲ್ಲಿದ್ದುಕೊಂಡು ತರ್ಕಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೆ. 'ಎಲ್ಲ ಮನುಷ್ಯರು', 'ಕೆಲವರು', 'ಯಾರೂ' ಎಂಬಂಥ ಮಾತುಗಳ ಅರ್ಥವನ್ನು ಸೂತ್ರವಾಗಿ ಬರೆಯುವುದು ನನ್ನ ವಿಷಯ. ಅಣ್ಣ ಹತ್ತಿರದ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್.

ಒಂದು ವರ್ಷ ಅಲ್ಲಿ ಮುಷ್ಕರ ಮುಗಿದರೂ ಕಾರ್ಖಾನೆಯ ಬಾಗಿಲು ತೆರೆಯಲಿಲ್ಲ. ಮೂರನೇ ವಾರ ಗೇಟಿಗೆ ನೋಟೀಸು ಅಂಟಿಸಿದರು. ಅಣ್ಣ ನನ್ನನ್ನೂ ಕರೆದುಕೊಂಡು ಹೋದ. 'ಎಲ್ಲ ಕಾರ್ಮಿಕರನ್ನೂ ಮರಳಿ ಕೆಲಸಕ್ಕೆ ತೆಗೆದುಕೊಳ್ಳಲಾಗುವುದಿಲ್ಲ' ಎಂದಿತ್ತು. ಅಷ್ಟೇ.

"ಯಾರನ್ನೂ ತಗೊಳಲ್ಲ ಅಂತಾನಾ, ಇಲ್ಲ ಕೆಲವರನ್ನ ಮಾತ್ರ ಕೈಬಿಡ್ತಾರೆ ಅಂತಾನಾ?" ಅಣ್ಣನ ಜೊತೆ ಕೆಲಸ ಮಾಡುತ್ತಿದ್ದ ವಯಸ್ಸಾದ ಫಿಟ್ಟರೊಬ್ಬರು ನನ್ನನ್ನು ಕೇಳಿದರು. "ನೀನು ಓದಿರೋನು, ಹೇಳಪ್ಪ."

ನನಗೆ ಹುರುಪು ಬಂತು. ಈಗ ಹೇಳಿಕೊಳ್ಳಲು ನಾಚಿಕೆ. ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಎರಡು ಸೂತ್ರ ಗೀಚಿದೆ. ಸೂತ್ರದಲ್ಲಿ 'ಇಲ್ಲ' ಮೊದಲು ಬಂದರೆ 'ಎಲ್ಲರನ್ನೂ ಅಲ್ಲ' ಎಂದರ್ಥ, 'ಎಲ್ಲ' ಮೊದಲು ಬಂದರೆ 'ಒಬ್ಬರನ್ನೂ ಇಲ್ಲ' ಎಂದರ್ಥ, ನೋಟೀಸಿನ ವಾಕ್ಯಕ್ಕೆ ಎರಡೂ ಹೊಂದುತ್ತವೆ ಎಂದು ವಿವರಿಸಿದೆ.

"ಎರಡೂ ಅಂದ್ರೆ ನಾವು ಯಾವುದು ಅಂತ ತಿಳ್ಕೊಳೋದು?" ಫಿಟ್ಟರು ಕೇಳಿದರು.

ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ.

"ಯಾರನ್ನೂ ಬೇಡ ಅನ್ನೋದಾಗಿದ್ರೆ ಹಾಗೇ ಬರೀತಿದ್ರು," ಎಂದೆ. "ಕೆಲವರನ್ನಾದ್ರೂ ತಗೋತಾರೆ."

'ಎಲ್ಲರನ್ನೂ ಅಲ್ಲ' ಎಂದ ಮಾತ್ರಕ್ಕೆ 'ಕೆಲವರನ್ನಾದರೂ' ಎಂದಾಗುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ವಾರವೇ ಅಣ್ಣನಿಗೆ ಬೊಮ್ಮಸಂದ್ರದಲ್ಲಿ ಬೇರೊಂದು ಕೆಲಸ ಸಿಗುವುದರಲ್ಲಿತ್ತು. "ಹನ್ನೊಂದು ವರ್ಷದ ಸರ್ವೀಸು ಕಣೆ, ಆ ಕೆಲವರಲ್ಲಿ ನಾನಿರಲ್ವಾ?" ಎಂದು ಅಡುಗೆಮನೆಯಲ್ಲಿ ಅತ್ತಿಗೆಗೆ ಹೇಳಿ ಅದನ್ನು ಬೇಡವೆಂದ. ನಾನು ಕೇಳಿಸಿಕೊಂಡೂ ಸುಮ್ಮನಿದ್ದೆ.

ಅಣ್ಣ ದಿನಾ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಗೇಟಿನವರೆಗೆ ಹೋಗಿ ಬರುತ್ತಿದ್ದ. ಯುಗಾದಿ ಕಳೆದ ಮೇಲೆ ಕಾರ್ಖಾನೆಯ ಲೇತುಗಳನ್ನೆಲ್ಲ ಲಾರಿಗೆ ಏರಿಸಿ ಸಾಗಿಸಿದರು. ಒಬ್ಬರನ್ನೂ ಕರೆಯಲಿಲ್ಲ. ಬೊಮ್ಮಸಂದ್ರದ ಜಾಗಕ್ಕೆ ಅಷ್ಟರಲ್ಲಿ ಬೇರೆಯವರು ಸೇರಿದ್ದರು.

"ಅವತ್ತು ನಾನು ಹೇಳಿದ್ದು ತಪ್ಪು ಅಣ್ಣಾ," ಎಂದೆ.

"ಬಿಡೋ. ನೋಟೀಸು ನೀನು ಬರೆದಿದ್ದಾ?"

ಆಮೇಲೆ ಅವನಿಗೆ ಕಾಯಂ ಕೆಲಸವೆಂಬುದು ಸಿಗಲಿಲ್ಲ. ಸಣ್ಣ ಶೆಡ್ಡುಗಳಲ್ಲಿ ಇಲ್ಲಿ ಮೂರು ತಿಂಗಳು, ಅಲ್ಲಿ ಎರಡು ತಿಂಗಳು. ಒಂದು ಶೆಡ್ಡಿನಲ್ಲಿ ಬಲಗೈಯ ಎರಡು ಬೆರಳು ಹೋದವು. ನಾನು ಪ್ರಬಂಧ ಮುಗಿಸಿ, ಕಾಲೇಜು ಸೇರಿ, ಬೇರೆ ಮನೆ ಮಾಡಿದೆ. ಹಬ್ಬಕ್ಕೆ ಹೋದರೆ ಅಣ್ಣ ಪಕ್ಕದಲ್ಲೇ ಕೂರಿಸಿಕೊಂಡು ಊಟ ಹಾಕಿಸುತ್ತಿದ್ದ. ಮಗಳ ಮದುವೆಯ ಮಾತಿರಲಿ, ಮನೆ ಬದಲಿಸುವ ಮಾತಿರಲಿ, ನನ್ನ ಅಭಿಪ್ರಾಯ ಕೇಳುವುದನ್ನು ಮಾತ್ರ ನಿಲ್ಲಿಸಿಬಿಟ್ಟಿದ್ದ.