ಹತ್ತಿ ಹಗ್ಗ ಹೇಳಿದ ಮಳೆ

ಇವತ್ತು ಬೆಳಿಗ್ಗೆ ಬಟ್ಟೆ ಒಣಹಾಕಲು ಆಲ್ಕೊಳದ ನಮ್ಮ ಬಾಡಿಗೆ ಮನೆಯ ತಾರಸಿಗೆ ಹೋದಾಗ ಹಗ್ಗ ಬಿಗಿಯಾಗಿತ್ತು. ನಿನ್ನೆ ಸಂಜೆ ಅದೇ ಹಗ್ಗ ಜೋತುಬಿದ್ದಿತ್ತು. ಯಾರೂ ಮುಟ್ಟಿರಲಿಲ್ಲ. ಹಗ್ಗಕ್ಕೆ ಮೂಗು ತಾಗಿಸಿ ಮೂಸಿದೆ. ಹಳೆಯ ಹತ್ತಿ, ಧೂಳು, ಮುಚ್ಚಿಟ್ಟ ಗೋದಾಮಿನ ವಾಸನೆ... ಫೋನ್ ತೆಗೆದು ನೋಡಿದರೆ ಜಿಲ್ಲೆಯಲ್ಲಿ ಇನ್ನೂ ನಾಲ್ಕು ದಿನ ಒಣಹವೆ, ಬಿಸಿಲು ಇಳಿಯುವ ಸೂಚನೆಯಿಲ್ಲ ಎಂದಿತ್ತು. ನನ್ನ ಎದೆ ಮಾತ್ರ ಹೈಸ್ಕೂಲು ಹುಡುಗಿಯ ಎದೆಯಂತೆ ಹೊಡೆದುಕೊಳ್ಳತೊಡಗಿತು.

ಆ ಹಗ್ಗ ಕೊಟ್ಟವರು ಭದ್ರಾವತಿಯ ಶಾಮಿಯಾನದ ಚಾಚಾ. ನಾವಿದ್ದ ಕ್ವಾರ್ಟರ್ಸ್ ಓಣಿಯಲ್ಲಿ ನಾಮಕರಣ, ಮದುವೆ, ತಿಥಿ ಏನೇ ಆದರೂ ಅವರದೇ ಶಾಮಿಯಾನ. ಉಳಿದವರೆಲ್ಲ ನೈಲಾನ್ ಹಗ್ಗಕ್ಕೆ ಬದಲಾಗಿದ್ದರೂ ಅವರು ಹತ್ತಿ ಹಗ್ಗ ಬಿಟ್ಟಿರಲಿಲ್ಲ. ಗಾಳಿಯಲ್ಲಿ ಪಸೆ ಬಂದರೆ ಹತ್ತಿ ಅದನ್ನು ಕುಡಿದು ಉಬ್ಬುತ್ತದೆ, ಹಗ್ಗ ಗಿಡ್ಡವಾಗಿ ಬಿಗಿಯುತ್ತದೆ. ಆಗ ಗಂಟು ಒಂದು ಬೆರಳಷ್ಟು ಸಡಿಲ ಬಿಡದಿದ್ದರೆ ಗೂಟವೇ ಕಿತ್ತು ಬರುತ್ತದೆ. ಇದನ್ನೆಲ್ಲ ಅವರು ನನಗೆ ಹೇಳಿದ್ದು ನಾನು ಭೌತಶಾಸ್ತ್ರ ಓದುವುದಕ್ಕೆ ಬಹಳ ಮೊದಲು.

ಅಕ್ಕನ ನಿಶ್ಚಿತಾರ್ಥದ ವರ್ಷವೂ ಹೀಗೇ ಬಿಸಿಲು. ಭರಣಿ ಮಳೆ ಒಂದು ಹನಿಯೂ ಬೀಳದೆ ಕಳೆದಿತ್ತು. ಮನೆಮುಂದೆ ಸಂಜೆ ಕಾರ್ಯಕ್ರಮ, ತರೀಕೆರೆಯಿಂದ ಹುಡುಗನ ಕಡೆಯವರು ಬರುವವರಿದ್ದರು. ಹಿಂದಿನ ದಿನವೇ ಚಾಚಾ ಅಕ್ಕ ಆರಿಸಿದ ಹಳದಿ ಬಟ್ಟೆಯ ಶಾಮಿಯಾನ ಕಟ್ಟಿ ಹೋಗಿದ್ದರು. ಬೆಳಿಗ್ಗೆ ಧೂಳು ಏಳದಿರಲೆಂದು ಅಮ್ಮ ಅಂಗಳಕ್ಕೆ ನೀರು ಹಾಕಲು ಹೇಳಿದಳು. ನಾನು ಉತ್ಸಾಹದಲ್ಲಿ ಬಕೆಟ್ಟುಗಟ್ಟಲೆ ಎರಚಿದೆ. ಗೂಟಗಳೂ ಹಗ್ಗಗಳೂ ತೊಯ್ದುಹೋದವು.

ಸ್ವಲ್ಪ ಹೊತ್ತಿಗೆ ಚಾಚಾ ಬಂದರು. ಸುತ್ತ ಒಂದು ಸಲ ನಡೆದರು, ಹಗ್ಗ ಮೀಟಿದರು, ಸ್ಟೂಲು ಹತ್ತಿ ಮೇಲೆ ಏನೋ ನೋಡಿದರು. ಇಳಿದು ಅಪ್ಪನ ಹತ್ತಿರ ಹೋದರು.

"ಬಟ್ಟೆ ಬಿಚ್ಚಿಬಿಡ್ತೀನಿ ಸ್ವಾಮಿ. ತಗಡು ಹಾಕೋಣ. ಸಂಜೆ ಮಳೆ ಇದೆ."

ಅಪ್ಪ ಕೈಯಲ್ಲಿದ್ದ ಪೇಪರ್ ಎತ್ತಿ ತೋರಿಸಿದ. "ಒಣಹವೆ ಅಂತ ಹಾಕಿದಾರೆ ನೋಡಿ ಸಾಬ್ರೇ. ಈ ಸೆಕೆಗೆ ತಗಡಿನ ಕೆಳಗೆ ಕೂರಿಸಿದ್ರೆ ಬೀಗರು ಸುಟ್ಟ ಹಪ್ಪಳ ಆಗ್ತಾರೆ!"

"ಹಪ್ಪಳ ಆದ್ರೆ ನಾಳೆ ನಗ್ತಾರೆ. ನೆಂದ್ರೆ ನಮ್ಮ ಹುಡುಗಿ ಜೀವಮಾನ ಪೂರ್ತಿ ಮಾತು ಕೇಳ್ಬೇಕಾಗ್ತದೆ."

"ಮಳೆ ಬರದಿದ್ರೆ?"

"ಬರದಿದ್ರೆ ಈ ಓಣೀಲಿ ಇನ್ನು ನಾನು ಗೂಟ ಹೊಡೆಯಲ್ಲ, ಬಿಡಿ."

ಹಗ್ಗ ಬಿಗಿದದ್ದು ನನ್ನ ಬಕೆಟ್ಟಿನಿಂದ! ಅವರು ತಮ್ಮ ಅಷ್ಟು ವರ್ಷದ ಮಾತನ್ನು ನಾನು ಎರಚಿದ ನೀರಿನ ಮೇಲೆ ಪಣಕ್ಕಿಟ್ಟಿದ್ದರು. ಹೇಳಿಬಿಡಬೇಕೆಂದು ಹತ್ತಿರ ಹೋದೆ. ಅವರು ಗಂಟು ಬಿಚ್ಚುತ್ತಾ ತಿರುಗಿ ನೋಡಿದರು. "ಏನು ಬೇಟಾ?"

"ಏನಿಲ್ಲ ಚಾಚಾ," ಎಂದೆ. ಹೇಳಬೇಕಾದ ಮಾತನ್ನು ಹೇಳದೆ ಬಿಡುವುದು ಆ ವಯಸ್ಸಿನಲ್ಲೇ ನನಗೆ ಅಭ್ಯಾಸವಾಗಿತ್ತು...

ಹಳದಿ ಬಟ್ಟೆ ಇಳಿಯಿತು. ಅಕ್ಕ ಮುಖ ಊದಿಸಿಕೊಂಡು ಒಳಗೆ ಕೂತಳು. ಲಗೇಜ್ ಆಟೋದಲ್ಲಿ ತಗಡು ಬಂದು ಮಧ್ಯಾಹ್ನದೊಳಗೆ ಚಪ್ಪರ ಎದ್ದಿತು. ನಾನು ಹತ್ತು ನಿಮಿಷಕ್ಕೊಮ್ಮೆ ಹಿತ್ತಲಿಗೆ ಓಡಿ ಆಕಾಶ ನೋಡಿದೆ. ಒಂದು ಮೋಡವಿಲ್ಲ. ಸಂಜೆ ಬೀಗರು ಬಂದು ಕೂತರು. ಹುಡುಗನ ಸೋದರಮಾವ ಅಪ್ಪನದೇ ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಏನ್ರೀ, ನಮ್ಮನ್ನ ಇಡ್ಲಿ ಥರ ಬೇಯ್ಸೋಕೆ ಕರೆಸಿದ್ರಾ?" ಎಂದರು. ಎಲ್ಲರೂ ನಕ್ಕರು, ಅಪ್ಪನೊಬ್ಬನನ್ನು ಬಿಟ್ಟು. ಚಾಚಾ ರಸ್ತೆಯಾಚೆ ಆಟೋಕ್ಕೆ ಒರಗಿ ನಿಂತಿದ್ದರು. ಮೇಲೆ ನೋಡುತ್ತಲೇ ಇರಲಿಲ್ಲ.

ತಾಂಬೂಲದ ತಟ್ಟೆ ಕೈಬದಲಾಗುವ ಹೊತ್ತಿಗೆ ಪಡುವಣದಿಂದ ಗಾಳಿ ನುಗ್ಗಿತು. ಬೇವಿನ ಎಲೆ, ಧೂಳು, ಯಾರದೋ ಟವೆಲು ಓಣಿತುಂಬ ಹಾರಿದವು. ತಗಡಿನ ಮೇಲೆ ಟಣ್ ಎಂದು ಒಂದು ಸದ್ದು. ಇನ್ನೊಂದು. ಆಮೇಲೆ ಗೋಲಿ ಸುರಿದಂತೆ ಆಲಿಕಲ್ಲು! ಪುರೋಹಿತರ ಬಾಯಿ ಆಡುತ್ತಿತ್ತು, ಸ್ವರ ಕೇಳುತ್ತಿರಲಿಲ್ಲ. ಸೋದರಮಾವ ಪೇಪರ್ ಬಿಸಾಡಿ ಮಕ್ಕಳ ಜೊತೆ ಆಲಿಕಲ್ಲು ಹೆಕ್ಕಲು ಓಡಿದರು. ಅಕ್ಕ ನಗುತ್ತಿದ್ದಳು. ನಾನು ಕುಣಿದೆ, ನಿಜಕ್ಕೂ ಕುಣಿದೆ. ಅಪ್ಪ ಆ ಮಳೆಯಲ್ಲೇ ರಸ್ತೆ ದಾಟಿ ಚಾಚಾರನ್ನು ಕೈಹಿಡಿದು ಎಳೆದು ತಂದು ಬೀಗರ ಪಂಕ್ತಿಯಲ್ಲಿ ಕೂರಿಸಿದ.

ಮರುದಿನ ಅವರು ಚಪ್ಪರ ಬಿಚ್ಚಲು ಬಂದಾಗ ನಾನು ಸುತ್ತಮುತ್ತ ಯಾರೂ ಇಲ್ಲದ್ದು ನೋಡಿ ಬಕೆಟ್ಟಿನ ವಿಷಯ ಹೇಳಿದೆ. ಅವರು ನಕ್ಕರು.

"ಗೊತ್ತು ಮಾರಾಯ್ತಿ. ನೀನು ನೀರು ಹಾಕಿದ ಹಗ್ಗ ನಾನು ಲೆಕ್ಕಕ್ಕೇ ತಗೊಂಡಿಲ್ಲ. ನಿನ್ನ ನೀರು ಎಟುಕದ ಹಗ್ಗ ಕಂಬದ ತುದೀಲಿತ್ತಲ್ಲ, ಅದೂ ಬಿಗಿದಿತ್ತು."

"ಮತ್ತೆ ನಿನ್ನೆ ಯಾಕೆ ಹೇಳಲಿಲ್ಲ? ನನ್ನ ಜೀವವೇ ಹೋಗಿತ್ತು."

"ನೀನೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ ಬೇಟಾ."

ಬೈದಂತಿರಲಿಲ್ಲ. ಕಂಬದ ತುದಿಯ ಆ ಹಗ್ಗವನ್ನು ಸುತ್ತಿ ನನ್ನ ಕೈಗಿಟ್ಟರು.

ಅವರು ತೀರಿಕೊಂಡು ಮೂರು ವರ್ಷವಾಯಿತು. ಅಪ್ಪ ಫೋನಿನಲ್ಲಿ ಹೇಳಿದಾಗ ನಾನು ಪರೀಕ್ಷೆಗೆ ಓದುತ್ತಿದ್ದೆ, ಹೋಗಲಿಲ್ಲ. ಅವರ ಅಂಗಡಿಯಲ್ಲಿ ಈಗ ನೈಲಾನ್ ಹಗ್ಗ, ಅದಕ್ಕೆ ಮಳೆಯ ಸುದ್ದಿ ಗೊತ್ತಾಗುವುದಿಲ್ಲ. ಇವತ್ತು ಹಗ್ಗ ಬಿಗಿದದ್ದನ್ನು ನಾನು ಓಡಿಹೋಗಿ ಹೇಳಬೇಕಾಗಿದ್ದದ್ದು ಅವರಿಗೆ...

ತಾರಸಿಯ ಇನ್ನೊಂದು ಮೂಲೆಯಲ್ಲಿ ಕೆಳಗಿನ ಮನೆಯವರು ವರ್ಷಕ್ಕಾಗುವಷ್ಟು ಮೆಣಸಿನಕಾಯಿ ಹರವಿದ್ದರು. ಈ ಮನೆಗೆ ಬಂದ ಮೇಲೆ ಅವರೊಂದಿಗೆ ನಾನು ನೀರಿನ ಮೋಟರಿನ ವಿಷಯ ಬಿಟ್ಟು ಬೇರೇನೂ ಮಾತಾಡಿದವಳಲ್ಲ. ಹಗ್ಗದ ಗಂಟನ್ನು ಒಂದು ಬೆರಳಷ್ಟು ಸಡಿಲ ಬಿಟ್ಟೆ. ಕೆಳಗಿಳಿದು ಅವರ ಬಾಗಿಲು ತಟ್ಟಿದೆ.

"ಆಂಟಿ, ಮೆಣಸಿನಕಾಯಿ ಒಳಗೆ ತಗೊಳ್ಳಿ. ಸಂಜೆ ಮಳೆ ಇದೆ."