ಕಿರುಬೆರಳಿಗೊಂದು ಆಟ

ಜಯರಾಮಯ್ಯನವರು ವೀಡಿಯೊ ಗೇಮ್ ಆಡುವ ಪೈಕಿ ಅಲ್ಲ. ಐವತ್ತೆರಡು ವರ್ಷದ ಮನುಷ್ಯ, ರಾಯಕೋಟೆಯವರು, ಹೊಸೂರಿನ ನಮ್ಮ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಯಂತ್ರಗಳ ಫಿಟ್ಟರ್. ಆದರೂ 2006ರ ಮುಕ್ಕಾಲು ಪಾಲು ಭಾನುವಾರಗಳನ್ನು ಅವರು ಲಿನಕ್ಸ್‌ನಲ್ಲಿ ಓಡುವ ಒಳ್ಳೆಯ ಆಟ ಹುಡುಕುವುದಕ್ಕೆ ಸುರಿದರು. ಅದೂ ತಮಗಲ್ಲ, ಅಂಜನಪ್ಪನ ಕಿರುಬೆರಳಿಗೆ.

ಅಂಜನಪ್ಪ ಕಾರ್ಖಾನೆಯಲ್ಲಿ ನನ್ನ ಪಕ್ಕದ ಪ್ರೆಸ್ಸಿನವನು, ಊರಲ್ಲಿ ಪಕ್ಕದ ಮನೆಯವನು. ಹಿಂದಿನ ವರ್ಷ ಪ್ರೆಸ್ ಅವನ ಬಲಗೈ ಮೇಲೆ ಇಳಿದು ಎರಡು ಬೆರಳು ಹೋದವು. ಉಳಿದ ಉಂಗುರದ ಬೆರಳು, ಕಿರುಬೆರಳು ಸೆಟೆದುಕೊಂಡವು. ಯಂತ್ರ ತಾನಾಗಿಯೇ ಇಳಿಯಿತು ಎಂದು ಅವನು ವಿಚಾರಣೆಯಲ್ಲಿ ಹೇಳಿದ. ಅದನ್ನು ಇಳಿಯದಂತೆ ತಡೆಯುವ ಬ್ರೇಕನ್ನು ಹಿಂದಿನ ಶಿಫ್ಟಿನಲ್ಲಿ ಸರಿಮಾಡಿದ್ದವರು ಜಯರಾಮಯ್ಯ. ಕಂಪನಿ ಅವರನ್ನು ಮೆಂಟೆನೆನ್ಸ್‌ನಿಂದ ಎತ್ತಿ ಗೋಡೌನಿಗೆ ಹಾಕಿತು. ಅವರು ಚಕಾರ ಎತ್ತಲಿಲ್ಲ.

"ಬ್ರೇಕು ಸರಿಯಾಗೇ ಕೂಡ್ಸಿದ್ದೆ ಅನ್ನಿಸ್ತದೆ ವಾಸು," ಎಂದು ಒಮ್ಮೆ ನನ್ನೊಡನೆ ಅಂದರು. "ಅನ್ನಿಸ್ತದೆ, ಅಷ್ಟೇಯ. ಆಣೆ ಮಾಡಾಕೆ ಆಗಲ್ಲ."

ಇಪ್ಪತ್ತೈದು ವರ್ಷ ಸ್ಪ್ಯಾನರ್ ಹಿಡಿದವರು ಮನೆಯ ಗ್ಯಾಸ್ ಆರಿದೆಯೋ ಇಲ್ಲವೋ ಎಂದು ಮೂರು ಮೂರು ಸಲ ತಿರುಗಿಸಿ ನೋಡತೊಡಗಿದರು. ಆ ಬೆರಳುಗಳು ತಮ್ಮಿಂದಲೇ ಹೋದವೋ ಇಲ್ಲವೋ, ಅದೊಂದೇ ಅವರನ್ನು ತಿನ್ನುತ್ತಿತ್ತು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ.

ಬೆರಳು ಆಡಿಸದಿದ್ದರೆ ಹಾಗೇ ಕಟ್ಟಿಗೆಯಾಗುತ್ತದೆ ಎಂದು ಡಾಕ್ಟರು ಅಂಜನಪ್ಪನಿಗೆ ರಬ್ಬರ್ ಚೆಂಡು ಕೊಟ್ಟಿದ್ದರು. ಅವನು ಅದನ್ನು ಬೀದಿನಾಯಿಗೆ ಎಸೆದ. ಅದನ್ನು ಕೇಳಿದ ಜಯರಾಮಯ್ಯ, ಗೋಡೌನಿನಲ್ಲಿ ಗುಜರಿಗೆಂದು ಇಟ್ಟಿದ್ದ ಕಂಪ್ಯೂಟರ್ ಒಂದನ್ನು ಸಾಹೇಬರಿಂದ ಕೇಳಿ ಪಡೆದು ಆಟೋದಲ್ಲಿ ಅವನ ಮನೆಗೆ ತಂದಿಳಿಸಿದರು. ವಿಂಡೋಸ್ ಹಾಕಿ ಅಣ್ಣ, ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ನಕಲಿ ಸಿಡಿ ಸಿಗುತ್ತದೆ ಎಂದೆ ನಾನು. "ಕದ್ದ ಮಾಲು ನನ್ ಕೈಲಿ ಬ್ಯಾಡ," ಎಂದರು. ವಿಂಡೋಸ್ ಬದಲು, ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಿಟ್ಟಿ ಬಂದಿದ್ದ ಲಿನಕ್ಸ್ ಹಾಕಿದರು. ಆ ಮನುಷ್ಯನ ನಿಯತ್ತು ನನ್ನ ಮೈಯೆಲ್ಲ ಉರಿಸುತ್ತಿತ್ತು.

ಆಮೇಲೆ ಶುರುವಾಯಿತು ನೋಡಿ ಫಜೀತಿ. ಅಂಗಡಿಯಲ್ಲಿ ಸಿಗುವ ಕಾರಿನ ಆಟ, ಬಂದೂಕಿನ ಆಟ ಒಂದೂ ಅದರಲ್ಲಿ ಓಡಲಿಲ್ಲ. ಲಿನಕ್ಸ್ ಜೊತೆಗೇ ಬಂದಿದ್ದ ಇಸ್ಪೀಟಿಗೆ ಮೌಸ್ ಸಾಕು, ಬೆರಳಿಗೆ ಕೆಲಸವಿಲ್ಲ. ಪೆಂಗ್ವಿನ್ ಒಂದು ಹಿಮದ ಮೇಲೆ ಜಾರುವ ಆಟ ಚೆಂದವಿತ್ತು, ಆದರೆ ಆ ಗುಜರಿ ಯಂತ್ರದಲ್ಲಿ ಪೆಂಗ್ವಿನ್ ಒಂದು ಮಾರು ಜಾರುವಷ್ಟರಲ್ಲಿ ಒಂದು ಬೀಡಿ ಸೇದಿ ಮುಗಿಸಬಹುದಿತ್ತು. ಬ್ರೌಸಿಂಗ್ ಸೆಂಟರಿನಲ್ಲಿ ಆಟ ಇಳಿಸಿಕೊಂಡು ಬಂದರೆ, ಇನ್ನೊಂದು ಫೈಲು ಬೇಕು ಎನ್ನುತ್ತಿತ್ತು. ಅದನ್ನು ತಂದರೆ ಮತ್ತೊಂದು. ಒಂದೇ ಭಾನುವಾರ ನಾಲ್ಕು ಸಲ ಬಿಸಿಲಲ್ಲಿ ಹೋಗಿ ಬಂದರು.

"ಅಯ್ಯೋ ಅಣ್ಣ, ಇದ್ಕಿಂತ ಒಂದು ಎಮ್ಮೆ ಸಾಕ್ಬೋದಿತ್ತು," ಎಂದು ಅಂಜನಪ್ಪನ ಹೆಂಡತಿ ಚಂದ್ರಲೇಖಾ ನಕ್ಕಳು.

"ಎಮ್ಮೆಗೆ ಕೀಲಿ ಬದ್ಲಾಯ್ಸಕ್ಕೆ ಆಗಲ್ಲ ಕಣಮ್ಮ," ಎಂದರು ಜಯರಾಮಯ್ಯ. ಅವರು ಹುಡುಕುತ್ತಿದ್ದದ್ದೇ ಅದು: ಯಾವ ಕೆಲಸಕ್ಕೆ ಕೀಲಿಮಣೆಯ ಯಾವ ಕೀಲಿ ಎಂದು ನಾವೇ ಗೊತ್ತುಮಾಡಬಹುದಾದ ಆಟ. ಕೊನೆಗೆ ದಸರಾ ಹೊತ್ತಿಗೆ ಸಿಕ್ಕಿತು. ಒಂದು ಪುಟ್ಟ ವಿಮಾನ. ಬಲಗೈ ಕಿರುಬೆರಳು ಕೀಲಿಯೊಂದನ್ನು ಒತ್ತಿ ಹಿಡಿದರೆ ಹಾರುತ್ತದೆ, ಬಿಟ್ಟರೆ ಬೀಳುತ್ತದೆ. ತಿರುಗಿಸುವುದು ಎಡಗೈಯಲ್ಲಿ. ಮೊದಲ ದಿನ ವಿಮಾನ ಎದ್ದಷ್ಟೇ ಬೇಗ ಬಿತ್ತು. ಮೂರು ವಾರಕ್ಕೆ ಅಂಜನಪ್ಪನ ಅಂಕ ಸಾವಿರ ದಾಟಿತು. ನಾಲ್ಕನೆಯ ವಾರ ಹನ್ನೊಂದು ಸಾವಿರ.

ಜಯರಾಮಯ್ಯನವರ ಮುಖ ಅರಳಿತು. "ಎಲ್ಲಿ, ಆಡಿ ತೋರ್ಸು," ಎಂದು ಪಕ್ಕದಲ್ಲಿ ಕೂತರು. ನಾನೂ ಅಲ್ಲೇ ಇದ್ದೆ. ಅಂಜನಪ್ಪ ಗಡಿಬಿಡಿಯಲ್ಲಿ ಕೀಲಿಮಣೆಗೆ ಟವೆಲ್ ಮುಚ್ಚಹೋದ. ಅವರು ಟವೆಲ್ ಸರಿಸಿದರು. ಬಲಗೈಯ ಕೀಲಿ ಎದ್ದು ಬಾರದ ಹಾಗೆ ಸಂದಿಗೆ ಮಡಚಿದ ಬಸ್ ಟಿಕೆಟ್ ಸಿಕ್ಕಿಸಿತ್ತು. ಆಟವೆಲ್ಲ ಎಡಗೈಯಲ್ಲೇ ನಡೆದಿತ್ತು.

ಪ್ರೆಸ್ಸಿಗೆ ಎರಡು ಗುಂಡಿ. ಎರಡು ಕೈಯಲ್ಲೂ ಒಟ್ಟಿಗೆ ಒತ್ತಿದರೆ ಮಾತ್ರ ಅದು ಇಳಿಯಬೇಕು, ಕೈ ಎರಡೂ ಹೊರಗಿರಲಿ ಎಂದು. ಆಪರೇಟರುಗಳು ನಾವು ಬಲಗಡೆಯ ಗುಂಡಿಗೆ ತಗಡಿನ ಚೂರು ಸಿಕ್ಕಿಸಿ, ಎಡಗೈಯಲ್ಲಿ ಒತ್ತುತ್ತ ಬಲಗೈಯಲ್ಲಿ ಮಾಲನ್ನು ಪ್ರೆಸ್ಸಿನ ಕೆಳಗೆ ತಳ್ಳುತ್ತಿದ್ದೆವು. ಕೆಲಸ ಬೇಗ ಸಾಗುತ್ತಿತ್ತು. ಫಿಟ್ಟರುಗಳಿಗೂ ಈ ಕಳ್ಳಾಟ ಗೊತ್ತಿತ್ತು. ಆದರೆ ಅಂಜನಪ್ಪನ ವಿಚಾರಣೆಗೆ ಬಂದವರಿಗೆ ಗುಂಡಿಯಲ್ಲಿ ಏನೂ ಸಿಗಲಿಲ್ಲ.

ಜಯರಾಮಯ್ಯ ಟಿಕೆಟ್ಟನ್ನು ಕಿತ್ತು ಕೈಯಲ್ಲಿ ಹಿಡಿದರು. "ಅವತ್ತೂ ಹಿಂಗೇ ಸಿಗ್ಸಿದ್ದಾ?"

ಅಂಜನಪ್ಪ ಅತ್ತುಬಿಟ್ಟ. "ಹೂಂ ಕಣಣ್ಣ. ಕೆಲ್ಸ ಹೋಗ್ತದೆ ಅಂತ ಸುಳ್ ಹೇಳ್ಬುಟ್ಟೆ."

"ಹಂಗಾರೆ ನನ್ ಬ್ರೇಕು ಸರಿಯಿತ್ತು."

"ಸರಿಯಿತ್ತಣ್ಣ. ನಾಳೆನೇ ಕಂಪ್ನಿಗೆ ಹೋಗಿ ಹೇಳ್ತೀನಿ."

"ಬ್ಯಾಡ. ನಂಗೆ ಗೊತ್ತಾಯ್ತಲ್ಲ, ಸಾಕು." ಕಣ್ಣು ಒರೆಸಿಕೊಂಡರು. ಆಮೇಲೆ ಕೇಳಿದರು, "ಗುಂಡಿಲಿದ್ದ ಚೂರು ಯಾರ್ ಕಿತ್ತಿದ್ದು?"

ಅಂಜನಪ್ಪ ನನ್ನತ್ತ ನೋಡಿದ. ನಾನೇ ಹೇಳಬೇಕಾಯಿತು. "ನಾನು ಅಣ್ಣ. ಪಾಪ, ಬೆರಳು ಹೋದವನಿಗೆ ಕೆಲಸವೂ ಹೋಗಬಾರದು ಅಂತ..."

"ಅವ್ನು ಬೆರಳು ಕಳ್ಕಂಡು ಸುಳ್ ಹೇಳ್ದ," ಎಂದರು ಜಯರಾಮಯ್ಯ. "ನೀನೇನ್ ಕಳ್ಕಂಡಿದ್ದೆ ಅಂತ ಒಂದು ವರ್ಸ ನನ್ ಮುಖ ನೋಡ್ಕಂಡ್ ಸುಮ್ಕಿದ್ದೆ?"

ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಅವರು ಕಂಪ್ಯೂಟರಿನತ್ತ ತಿರುಗಿ ಬೇರೊಂದು ಆಟ ತೆರೆದರು. ಅದರಲ್ಲಿ ಕೀಲಿಯನ್ನು ಒತ್ತಿ ಹಿಡಿದರೆ ಉಪಯೋಗವಿಲ್ಲ, ಟಪಟಪ ಕುಟ್ಟುತ್ತಲೇ ಇರಬೇಕು. "ಇದ್ಕೆ ಸಿಗ್ಸು ನೋಡಾನ," ಎಂದು ಅಂಜನಪ್ಪನ ಕಿರುಬೆರಳನ್ನು ತಾವೇ ಹಿಡಿದು ಕೀಲಿಯ ಮೇಲಿಟ್ಟರು.

ಮುಂದಿನ ಭಾನುವಾರವೂ ಬಂದರು, ಅದರ ಮುಂದಿನದೂ ಬಂದರು. ಈಗ ಅಂಜನಪ್ಪ ಬಲಗೈಯಲ್ಲೇ ಲೋಟ ಹಿಡಿಯುತ್ತಾನೆ. ಅವನ ಮನೆಗೆ ನಮ್ಮ ಬಾಗಿಲು ದಾಟಿಯೇ ಹೋಗಬೇಕು. "ಬನ್ನಿ ಅಣ್ಣ, ಕಾಫಿ ಕುಡ್ಕೊಂಡು ಹೋಗಿ," ಎನ್ನುತ್ತೇನೆ. ಜಯರಾಮಯ್ಯ ಒಂದು ಸಲವೂ ನಿಂತಿಲ್ಲ.